ಏಕತಾರಿ ಗಾಯನದ ಮನೆ ಧ್ವನಿಮುದ್ರಣ

ತಂತಿವಾದ್ಯ ನುಡಿಸುತ್ತ ತಾವೇ ಹಾಡುವ ಕಲಾವಿದರ ನಾದವನ್ನು ಸ್ಟುಡಿಯೊ ಇಲ್ಲದ ಸಾಮಾನ್ಯ ಮನೆಯಲ್ಲಿ ಒಂದೆರಡು ಮೈಕುಗಳಿಂದ ಹಿಡಿದಿಡುವ ವಿಧಾನ. ಅಕೂಸ್ಟಿಕ್ ಗಿಟಾರ್‌ಗಾಗಿ ಜಗತ್ತಿನಾದ್ಯಂತ ಬೆಳೆದುಬಂದ ಮೈಕ್ ಇಡುವ ಕ್ರಮಗಳೇ ಇದಕ್ಕೂ ತಳಹದಿ. ಏಕತಾರಿಯ ರಚನೆ, ತತ್ವಪದ ಹಾಡುವ ರೀತಿ ಮತ್ತು ಕಲಬುರಗಿ ಸೀಮೆಯ ಮನೆಗಳ ಸ್ವರೂಪಕ್ಕೆ ತಕ್ಕಂತೆ ಅವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಮೈಕಿನ ಬೆಲೆಗಿಂತ ಅದನ್ನು ಇಡುವ ಜಾಗ, ದೂರ ಮತ್ತು ಕೋಣೆ ಇವೇ ಮುದ್ರಣದ ಗುಣವನ್ನು ಹೆಚ್ಚಾಗಿ ನಿರ್ಧರಿಸುತ್ತವೆ.

ಹಿನ್ನೆಲೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತತ್ವಪದದ ಗಟ್ಟಿ ನೆಲ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರು, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದಲ್ಲಿ ನೆಲೆನಿಂತು 18–19ನೆಯ ಶತಮಾನದ ದೊಡ್ಡ ತತ್ವಪದಕಾರರಾದರು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಮಪುರದ ಬಕ್ಕಪ್ಪ ಮೊದಲಾದವರು ಅವರ ಶಿಷ್ಯಪರಂಪರೆಯನ್ನು ಜಾತಿ ಮತಗಳ ಗೆರೆ ದಾಟಿಸಿ ಬೆಳೆಸಿದರು. ಮಠಗಳ ಅಮಾವಾಸ್ಯೆ ಭಜನೆಗಳಲ್ಲಿ, ಮನೆಗಳ ಪಡಸಾಲೆಯಲ್ಲಿ ಈ ಪದಗಳು ಏಕತಾರಿ, ತಾಳ, ಪೇಟಿ, ತಬಲಾಗಳೊಂದಿಗೆ ಇಂದಿಗೂ ಕೇಳುತ್ತವೆ.

ಪದಗಳ ಪಠ್ಯ ಬಹುಮಟ್ಟಿಗೆ ಅಚ್ಚಾಗಿದೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳ ಸಂಪುಟಮಾಲೆಯನ್ನೇ ತಂದಿದೆ. ಧಾಟಿ ಮಾತ್ರ ಅಚ್ಚಿಗೆ ಬರುವಂಥದಲ್ಲ. ಒಂದೇ ಪದ ಊರಿಂದೂರಿಗೆ ಬೇರೆ ಮಟ್ಟಿನಲ್ಲಿ, ಬೇರೆ ನಡಿಗೆಯಲ್ಲಿ ಹಾಡಲ್ಪಡುತ್ತದೆ. ಬಯಲಿನ ಭಜನೆಯಲ್ಲಿ ಧ್ವನಿವರ್ಧಕದ ಕೂಗು, ಜನರ ಮಾತು, ಜನರೇಟರ್ ಸದ್ದು ಸೇರಿ ಆ ಸೂಕ್ಷ್ಮಗಳು ಮುಚ್ಚಿಹೋಗುತ್ತವೆ. ಆದ್ದರಿಂದ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಧಾಟಿಯನ್ನು ಉಳಿಸಿಕೊಳ್ಳಲು ಹಾಡುವವರ ಮನೆಯೇ ಯೋಗ್ಯ ಜಾಗ.

ನಾದ ಹೊರಡುವ ಬಗೆ

ಏಕತಾರಿಯ ಭಾಗಗಳು ಕೆಲವೇ: ಸೋರೆಯ ಅಥವಾ ಕಟ್ಟಿಗೆಯ ಬುರುಡೆ, ಅದರ ಮೇಲ್ಮುಚ್ಚಳ, ದಂಡಿ, ಕುದುರೆ, ಬಿರಡೆ ಮತ್ತು ತಂತಿ. ಬೆರಳು ಮೀಟಿದಾಗ ತಂತಿಯ ಕಂಪನ ಕುದುರೆಯ ಮೂಲಕ ಮುಚ್ಚಳಕ್ಕೆ ಇಳಿಯುತ್ತದೆ. ಕೇಳುವ ನಾದದ ಬಹುಪಾಲು ಆ ಮುಚ್ಚಳದಿಂದ ಮತ್ತು ಬುರುಡೆಯಿಂದ ಹೊರಡುತ್ತದೆ. ಕುದುರೆಯ ಹತ್ತಿರ ತಂತಿಯ ಚುರುಕು ಸದ್ದು ಹೆಚ್ಚು, ಬುರುಡೆಯ ಎದುರು ಗುಂಯ್‌ಗುಡುವ ತುಂಬು ನಾದ ಹೆಚ್ಚು.

ಗಿಟಾರಿನಲ್ಲೂ ಇದೇ ನಿಯಮ. ಅದರ ನಾದರಂಧ್ರದ ನೇರಕ್ಕೆ ಮೈಕ್ ಹಿಡಿದರೆ ಸುಮಾರು 100 ಹರ್ಟ್ಸ್ ಆಸುಪಾಸಿನ ಒಡಲ ಅನುರಣನ ಉಬ್ಬಿ ಉಳಿದೆಲ್ಲ ಮಸುಕಾಗುತ್ತದೆ. ಅದಕ್ಕಾಗಿ ಕುತ್ತಿಗೆಯೂ ಒಡಲೂ ಕೂಡುವ ಕಡೆಗೆ, ಸುಮಾರು 12ನೆಯ ಫ್ರೆಟ್ಟಿನ ನೇರಕ್ಕೆ, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟು ಕೆಲಸ ಆರಂಭಿಸುವುದು ರೂಢಿ. ಕನ್ನಡದ ತತ್ವಪದ ಗಿಟಾರಿಗೂ ಒಗ್ಗಿದೆ. ರಘು ದೀಕ್ಷಿತ್ 2008ರ ತಮ್ಮ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಮೇಳದೊಂದಿಗೆ ಹಾಡಿ ಹೊಸ ತಲೆಮಾರಿಗೆ ಮುಟ್ಟಿಸಿದರು.

ಏಕತಾರಿ ಗಾಯನದ ವಿಶೇಷವೆಂದರೆ ವಾದ್ಯ ಹಾಡುವವರ ಮೈಗೆ ಅಂಟಿಕೊಂಡೇ ಇರುತ್ತದೆ. ದಂಡಿ ಹೆಗಲಿಗೆ ಒರಗಿರುತ್ತದೆ, ಬುರುಡೆ ಎದೆ ಅಥವಾ ತೊಡೆಯ ಹತ್ತಿರ ಇರುತ್ತದೆ. ಬಾಯಿಗೂ ಬುರುಡೆಗೂ ನಡುವಿನ ಅಂತರ ಬಹಳ ಕಡಿಮೆ. ಶ್ರುತಿಯೂ ಲಯವೂ ಅದೇ ತಂತಿಯಿಂದ ಬರುತ್ತವೆ. ಆದ್ದರಿಂದ ದನಿ ಮತ್ತು ತಂತಿಯನ್ನು ಬೇರ್ಪಡಿಸುವುದಕ್ಕಿಂತ ಎರಡರ ಪ್ರಮಾಣವನ್ನು ಸರಿಯಾಗಿ ಹಿಡಿಯುವುದೇ ಇಲ್ಲಿ ಮುಖ್ಯ.

ಮನೆಯ ಕೋಣೆ

ಈ ಭಾಗದ ಅನೇಕ ಮನೆಗಳಿಗೆ ಶಹಾಬಾದ್ ಫರ್ಸಿಯ ನೆಲ, ಕಲ್ಲಿನ ಗೋಡೆ. ಎರಡೂ ಧ್ವನಿಯನ್ನು ಹೀರದೆ ಮರಳಿಸುತ್ತವೆ. ನೆಲದಿಂದ ಮರಳಿದ ಧ್ವನಿ ನೇರ ಧ್ವನಿಗಿಂತ ಕೆಲವು ಮಿಲಿಸೆಕೆಂಡ್ ತಡವಾಗಿ ಮೈಕನ್ನು ಸೇರಿದಾಗ ಕೆಲವು ಸ್ವರಾಂಶಗಳು ಅಳಿಸಿಹೋಗಿ, ಕೆಲವು ಉಬ್ಬಿ ನಾದ ಟೊಳ್ಳಾಗುತ್ತದೆ. ಉದಾಹರಣೆಗೆ, ಹಾಡುವವರ ಬಾಯಿ ಮತ್ತು ಮೈಕ್ ಎರಡೂ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದ್ದು, ನಡುವೆ 60 ಸೆಂಟಿಮೀಟರ್ ದೂರವಿದ್ದರೆ, ನೆಲದಿಂದ ಪುಟಿದ ಧ್ವನಿ ಸುಮಾರು 1 ಮೀಟರ್ ಹೆಚ್ಚು ಹಾದಿ ಸವೆಸಿ 3 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ದೂರವನ್ನು 30 ಸೆಂಟಿಮೀಟರಿಗೆ ಇಳಿಸಿದರೆ ತಡ ತುಸು ಹೆಚ್ಚಿದರೂ, ನೇರ ಧ್ವನಿಯ ಮುಂದೆ ಆ ಪ್ರತಿಫಲನ ಎಷ್ಟೋ ಕ್ಷೀಣವಾಗುತ್ತದೆ.

ಪರಿಹಾರ ಮನೆಯಲ್ಲೇ ಇದೆ. ಹಾಡುವವರಿಗೂ ಮೈಕಿಗೂ ನಡುವಿನ ನೆಲದ ಮೇಲೆ ಎರಡು ಮೂರು ಮಡಿಕೆಯ ಕೌದಿ ಹಾಸಬೇಕು. ಹಾಡುವವರ ಬೆನ್ನಹಿಂದಿನ ಗೋಡೆಗೆ ಇನ್ನೊಂದು ಕೌದಿಯನ್ನು ಹಗ್ಗಕ್ಕೆ ಇಳಿಬಿಡಬೇಕು; ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ಕಟ್ಟಿದರೆ ಹೆಚ್ಚು ಹೀರುತ್ತದೆ. ಕೌದಿ ಮೇಲಿನ ಸ್ವರಾಂಶಗಳನ್ನಷ್ಟೇ ತಗ್ಗಿಸಬಲ್ಲದು. ಕೆಳಗಿನ ಗುಂಯ್‌ಗಾರ ಮೂಲೆಗಳಲ್ಲಿ ಕೂಡುತ್ತದಾದ್ದರಿಂದ ಅಲ್ಲಿ ಹತ್ತಿಯ ಗಾದಿಗಳನ್ನು ಸುತ್ತಿ ನಿಲ್ಲಿಸುವುದು ಉಪಯುಕ್ತ. ಹಾಡುವವರನ್ನು ಕೋಣೆಯ ನಟ್ಟನಡುವೆಯಾಗಲಿ ಮೂಲೆಯಲ್ಲಾಗಲಿ ಕೂರಿಸದೆ, ಉದ್ದದ ಮೂರನೆಯ ಒಂದು ಭಾಗದಲ್ಲಿ ಕೂರಿಸುವುದು ಒಳ್ಳೆಯದು. ಒಮ್ಮೆ ಚಪ್ಪಾಳೆ ತಟ್ಟಿ ಕೇಳಿದರೆ ಕೋಣೆಯ ದೋಷ ಕೂಡಲೇ ತಿಳಿಯುತ್ತದೆ: ಸದ್ದು ಕಿಣಿಕಿಣಿ ಎಂದು ಬಾಲ ಬಿಟ್ಟರೆ ಎದುರುಬದುರು ಗೋಡೆಗಳಲ್ಲಿ ಒಂದನ್ನು ಮುಚ್ಚಬೇಕು.

ಜಂತಿ ತೊಲೆಗಳ ಮಣ್ಣಿನ ಮಾಳಿಗೆ ಧ್ವನಿಯನ್ನು ಚದುರಿಸುವುದರಿಂದ ಆರ್.ಸಿ.ಸಿ. ಛಾವಣಿಗಿಂತ ಅನುಕೂಲ. ತಗಡಿನ ಮನೆ ಮಳೆಗಾಲದಲ್ಲಿ ಮುದ್ರಣಕ್ಕೆ ಒದಗದು. ಪಂಪ್‌ಸೆಟ್, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್‌ಗಳು ನಿಂತ ರಾತ್ರಿಯ ಹೊತ್ತು ಉತ್ತಮ. ಫ್ಯಾನ್ ಆರಿಸಿ, ಫ್ರಿಜ್ ನಿಲ್ಲಿಸಿ, ಸಾಧ್ಯವಾದರೆ ಉಪಕರಣಗಳನ್ನು ಬ್ಯಾಟರಿಯಲ್ಲೇ ನಡೆಸಿದರೆ 50 ಹರ್ಟ್ಸ್‌ನ ವಿದ್ಯುತ್ ಗುಂಯ್‌ಗಾರ ತಪ್ಪುತ್ತದೆ. ಬೇಸಿಗೆಯಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ನಾಡಿನಲ್ಲಿ ಕಾವಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ವಾದ್ಯ ಅದೇ ಕೋಣೆಯಲ್ಲಿ ಅರ್ಧ ಗಂಟೆ ಇದ್ದ ಮೇಲೆ ಬಿರಡೆ ತಿರುವಿ ಶ್ರುತಿ ಮಾಡಬೇಕು, ಪ್ರತಿ ಪದದ ಮುಂಚೆ ಮತ್ತೆ ನೋಡಬೇಕು.

ಮೈಕಿನ ಬಗೆಗಳು

ಡೈನಮಿಕ್ ಮೈಕ್ ಗಟ್ಟಿಮುಟ್ಟು, ಭಜನಾ ಮೇಳಗಳಲ್ಲಿ ಕಾಣುವುದು ಇದೇ. ಬಾಯಿಗೆ ತೀರಾ ಹತ್ತಿರ ಹಿಡಿದಾಗ ಚೆನ್ನಾಗಿ ಕೆಲಸ ಮಾಡುವ ಇದು, ದೂರದಿಂದ ಏಕತಾರಿಯ ಸಣ್ಣ ಝೇಂಕಾರವನ್ನು ಪೂರ್ತಿ ಹಿಡಿಯದು. ಕಂಡೆನ್ಸರ್ ಮೈಕ್ ಆ ಕೆಲಸಕ್ಕೆ ಹೆಚ್ಚು ಯೋಗ್ಯ. ಅದಕ್ಕೆ ಸಾಮಾನ್ಯವಾಗಿ ಇಂಟರ್‌ಫೇಸ್ ಅಥವಾ ರೆಕಾರ್ಡರ್‌ನಿಂದ 48 ವೋಲ್ಟ್ ವಿದ್ಯುತ್ ಕೊಡಬೇಕು. 1962ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಮೈಕಿನಿಂದಾಗಿ ಕಂಡೆನ್ಸರ್ ತಂತ್ರ ಅಗ್ಗವಾಗಿ ಸಣ್ಣ ರೆಕಾರ್ಡರ್‌ಗಳವರೆಗೂ ಬಂತು.

ಧ್ವನಿ ಸೆಳೆಯುವ ದಿಕ್ಕಿನಿಂದ ಮೂರು ಬಗೆಗಳು ಮುಖ್ಯ. ಕಾರ್ಡಿಯಾಯ್ಡ್ ಮೈಕ್ ಮುಂದಿನದನ್ನು ಹೆಚ್ಚು, ಹಿಂದಿನದನ್ನು ಅತಿ ಕಡಿಮೆ ಕೇಳುತ್ತದೆ. ಹತ್ತಿರ ಬಂದಷ್ಟೂ ಮಂದ್ರವನ್ನು ಉಬ್ಬಿಸುತ್ತದೆ. ಸರ್ವದಿಕ್ಕಿನ ಮೈಕಿಗೆ ಆ ಉಬ್ಬು ಇಲ್ಲ, ಆದರೆ ಕೋಣೆಯೆಲ್ಲ ಅದರೊಳಗೆ ಬರುತ್ತದೆ. ಎಂಟರ ಆಕಾರದ ಮೈಕ್ ಹಿಂದೆ ಮುಂದೆ ಕೇಳುತ್ತದೆ, ಎರಡೂ ಬದಿಗೆ ಕಿವುಡು. ಪ್ರತಿಫಲನ ಹೆಚ್ಚಿರುವ ಫರ್ಸಿ ಮನೆಗೆ ಕಾರ್ಡಿಯಾಯ್ಡ್ ಸುರಕ್ಷಿತ ಆಯ್ಕೆ.

ಒಂದೇ ಮೈಕಿನ ಕ್ರಮ

ಏಕತಾರಿ ಗಾಯನಕ್ಕೆ ಮೊದಲು ಪ್ರಯತ್ನಿಸಬೇಕಾದುದು ಇದನ್ನೇ. ಹಾಡುವವರ ಮುಂದೆ 40ರಿಂದ 60 ಸೆಂಟಿಮೀಟರ್ ದೂರದಲ್ಲಿ, ಗದ್ದದ ಮತ್ತು ಬುರುಡೆಯ ನಡುವಿನ ಎತ್ತರಕ್ಕೆ ಮೈಕ್ ನಿಲ್ಲಿಸಿ, ತುಸು ಮೇಲ್ಮುಖವಾಗಿ ಬಾಯಿಯ ಕಡೆ ವಾಲಿಸಬೇಕು. ನೇರ ಎದುರಿಗಿಂತ ಒಂದು ಬದಿಗೆ ಸರಿಸಿದರೆ ಪ, ಫ, ಬ, ಭ ಅಕ್ಷರಗಳ ಉಸಿರು ಮೈಕಿಗೆ ಬಡಿಯದು.

ಮುಂದಿನದೆಲ್ಲ ಸರಿಸುವ ಕೆಲಸ. ಮೈಕ್ ಮೇಲೇರಿದಂತೆ ದನಿ, ಕೆಳಗಿಳಿದಂತೆ ತಂತಿ ಮುಂದೆ ಬರುತ್ತದೆ. ಹಿಂದೆ ಸರಿದಂತೆ ಕೋಣೆ ಸೇರಿಕೊಳ್ಳುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ನೇರ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಸರಿಯಾದ ಜಾಗ ಹುಡುಕಲು ಮುದ್ರಿಸುವವರು ಒಂದು ಕಿವಿಯನ್ನು ಮುಚ್ಚಿ, ಇನ್ನೊಂದನ್ನು ಮೈಕಿನ ಎತ್ತರಕ್ಕೆ ತಂದು ಅತ್ತಿತ್ತ ಸರಿಯುತ್ತ ಕೇಳಬೇಕು. ಹಿತವೆನಿಸಿದ ಕಡೆ ಮೈಕ್ ನಿಲ್ಲಿಸಿ, ಅರ್ಧ ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಪರೀಕ್ಷಿಸಬೇಕು. ಪದದ ಕೊನೆಯಲ್ಲಿ ದನಿ ತಗ್ಗಿಸಿ ಹೇಳುವ ಅಂಕಿತ ಸ್ಪಷ್ಟವಾಗಿ ಕೇಳುವುದೇ ಒಳ್ಳೆಯ ಒರೆಗಲ್ಲು: ಪದ ಯಾರದೆಂದು ಹೇಳುವುದು ಆ ಸಾಲೇ.

ಎರಡು ಮೈಕಿನ ಕ್ರಮ

ಎರಡು ಮೈಕ್ ಬಳಸುವಾಗ ಒಂದರ ಧ್ವನಿ ಇನ್ನೊಂದಕ್ಕೆ ತಡವಾಗಿ ನುಗ್ಗುವುದೇ ತೊಡಕು. ಪ್ರತಿ ಮೈಕು ತನ್ನ ಮೂಲದಿಂದ ಇರುವ ದೂರಕ್ಕಿಂತ ಮೈಕುಗಳ ನಡುವಣ ಅಂತರ ಮೂರು ಪಟ್ಟು ಇರಬೇಕೆಂಬುದು ವಾಡಿಕೆಯ ನಿಯಮ. ದನಿಗೆ 15 ಸೆಂಟಿಮೀಟರಿನಲ್ಲಿ ಮೈಕ್ ಇಟ್ಟರೆ ತಂತಿಯ ಮೈಕ್ ಅದರಿಂದ 45 ಸೆಂಟಿಮೀಟರ್ ಆಚೆ ಇರಬೇಕು. ಹಾಡುತ್ತ ತೂಗುವ ಮೈಗೆ ಅಂಟಿದ ಏಕತಾರಿಯಲ್ಲಿ ಇದನ್ನು ಪಾಲಿಸುವುದು ಕಷ್ಟ. ದನಿಗೆ ಎಂಟರ ಆಕಾರದ ಮೈಕ್ ಇಟ್ಟು ಅದರ ಕಿವುಡು ಬದಿಯನ್ನು ಬುರುಡೆಯತ್ತ ತಿರುಗಿಸುವುದು ಒಂದು ಉಪಾಯ.

ಎರಡು ಮೈಕುಗಳ ನಿಜವಾದ ಉಪಯೋಗ ಸ್ಟೀರಿಯೊ. ಬ್ರಿಟನ್ನಿನ ಅಲನ್ ಬ್ಲಮ್ಲೀನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿಚಾರಗಳೇ ಇದರ ಮೂಲ. ಎಕ್ಸ್–ವೈ ಕ್ರಮದಲ್ಲಿ ಎರಡು ಕಾರ್ಡಿಯಾಯ್ಡ್ ಮೈಕುಗಳ ತಲೆಗಳು ಒಂದೇ ಬಿಂದುವಿನಲ್ಲಿ 90 ಡಿಗ್ರಿ ಕೋನದಲ್ಲಿರುತ್ತವೆ. ಫ್ರೆಂಚ್ ಬಾನುಲಿ ರೂಢಿಗೆ ತಂದ ಓ.ಆರ್.ಟಿ.ಎಫ್. ಕ್ರಮದಲ್ಲಿ ಅವುಗಳ ಅಂತರ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಹಾಡು ಕೊನೆಗೆ ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಕೇಳುವಂಥದಾದರೆ ಎಕ್ಸ್–ವೈ ಮೇಲು. ಎರಡು ಕಡೆಯ ಧ್ವನಿ ಕೂಡಿದರೂ ನಾದ ಕೆಡುವುದಿಲ್ಲ.

ಮೇಳದ ಮುದ್ರಣ

ಪೇಟಿ, ತಬಲಾ, ತಾಳ, ಹಿಮ್ಮೇಳ ಸೇರಿದಾಗ ಮೈಕುಗಳನ್ನು ಹೆಚ್ಚಿಸುವ ಮೊದಲು ಕೂರುವ ಜಾಗ ಸರಿಪಡಿಸಬೇಕು. ಸ್ಟೀರಿಯೊ ಜೋಡಿಯ ಮುಂದೆ ಅರ್ಧವೃತ್ತವಾಗಿ ಕೂರಿಸಿ, ಏಕತಾರಿ ಹಿಡಿದ ಮುಖ್ಯ ಹಾಡುಗಾರರನ್ನು ನಡುವೆ, ಎಲ್ಲರಿಗಿಂತ ಮುಂದೆ ಇರಿಸಬೇಕು. ಪೇಟಿಯನ್ನು ಬದಿಗೆ, ತಬಲಾವನ್ನು ಅದಕ್ಕಿಂತ ಹಿಂದೆ, ಚುಚ್ಚುವ ಸದ್ದಿನ ತಾಳವನ್ನು ಎಲ್ಲರಿಗಿಂತ ದೂರ ಇರಿಸಬೇಕು.

ಮೊಬೈಲ್, ಮಟ್ಟ ಮತ್ತು ಕಡತ

ಮೊಬೈಲಿನಲ್ಲೂ ಒಪ್ಪುವ ಮುದ್ರಣ ಸಾಧ್ಯ. ಅದರಲ್ಲಿ ಎರಡು ತೊಡಕುಗಳಿವೆ. ಸದ್ದು ತಾನಾಗಿ ಏರಿಳಿಸುವ ವ್ಯವಸ್ಥೆ ಪದದ ಏರಿಳಿತವನ್ನು ಸಪಾಟು ಮಾಡುತ್ತದೆ. ಗದ್ದಲ ಅಳಿಸುವ ವ್ಯವಸ್ಥೆ, ಒಂದೇ ಸಮನೆ ಮೊಳಗುವ ಏಕತಾರಿಯ ಶ್ರುತಿಯನ್ನೇ ಫ್ಯಾನಿನ ಸದ್ದೆಂದು ಬಗೆದು ತೆಗೆದುಹಾಕಬಲ್ಲದು. ಇವೆರಡನ್ನೂ ನಿಲ್ಲಿಸಲು ಬಿಡುವ ಆ್ಯಪ್ ಬಳಸಬೇಕು. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಸಿಕ್ಕಿಸಬೇಕು.

ಮಟ್ಟವನ್ನು ಪದದ ಅತಿ ಎತ್ತರದ ಸಾಲನ್ನು ಹಾಡಿಸಿ ಹೊಂದಿಸಬೇಕು. ಆಗ ಸೂಚಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಒಡೆದ ಸದ್ದಿನ ಭಯವಿಲ್ಲ. ಮೂಲ ಕಡತ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ರೂಪದಲ್ಲಿರಲಿ. ಒಂದೇ ಮೈಕಿನದಾದರೆ ಒಂದು ಗಂಟೆಗೆ ಸುಮಾರು 520 ಮೆಗಾಬೈಟ್ ಜಾಗ ಸಾಕು. ವಾಟ್ಸ್‌ಆ್ಯಪಿನಲ್ಲಿ ಹಂಚುವ ಕುಗ್ಗಿಸಿದ ಪ್ರತಿಯನ್ನು ಮೂಲವೆಂದು ಕಾಪಿಡಬಾರದು.

ದಾಖಲೆ ಮತ್ತು ಹಕ್ಕು

ಪ್ರತಿ ಮುದ್ರಣದ ಆರಂಭದಲ್ಲಿ ಹಾಡುವವರ ಹೆಸರು, ಊರು, ದಿನಾಂಕ, ಪದದ ಮೊದಲ ಮಾತು, ಅಂಕಿತ ಮತ್ತು ಆ ಧಾಟಿ ಯಾರಿಂದ ಬಂತೆಂಬುದನ್ನು ಅವರ ದನಿಯಲ್ಲೇ ಹೇಳಿಸಬೇಕು. ಕಾಗದದ ಟಿಪ್ಪಣಿ ಕಳೆದುಹೋಗಬಹುದು, ಕಡತದೊಳಗಿನ ಮಾತು ಅದರೊಂದಿಗೇ ಉಳಿಯುತ್ತದೆ. ಪ್ರತಿಗಳನ್ನು ಕನಿಷ್ಠ ಮೂರು ಕಡೆ, ಅದರಲ್ಲಿ ಒಂದನ್ನು ಬೇರೆ ಊರಿನಲ್ಲಿ ಇಡಬೇಕು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ. ಪದ ಎಷ್ಟೇ ಹಳೆಯದಾದರೂ ಅಂದಿನ ಗಾಯನ ಹಾಡಿದವರದೇ. ಮುದ್ರಿಸುವ ಮುನ್ನ ಅವರ ಒಪ್ಪಿಗೆ ಪಡೆದು, ಮುಗಿದ ಮೇಲೆ ಪೂರ್ಣ ಗುಣಮಟ್ಟದ ಪ್ರತಿಯೊಂದನ್ನು ಅವರ ಮನೆಗೆ ಕೊಡುವುದು ಈ ಕೆಲಸದ ಮೊದಲ ಕರ್ತವ್ಯ. ಮುಂದೆ ಆ ಧಾಟಿಯನ್ನು ಕಲಿಯಬೇಕಾದ ಮಕ್ಕಳು ಇರುವುದು ಅದೇ ಮನೆಗಳಲ್ಲಿ.