ಕುದುರೆಗಳ ದಾರಿ

ಮೆನೋರ್ಕಾ ದ್ವೀಪವನ್ನು ಕರಾವಳಿಯಗುಂಟ ಒಂದು ಸುತ್ತು ಹಾಕುವ ಕಾಲುದಾರಿಯಿದೆ. ಅಲ್ಲಿನವರ ಕತಲಾನ್ ಭಾಷೆಯಲ್ಲಿ ಅದರ ಹೆಸರು ‘ಕಮಿ ದೆ ಕವಾಲ್ಸ್’. ಕನ್ನಡದಲ್ಲಿ ಹೇಳುವುದಾದರೆ ಕುದುರೆಗಳ ದಾರಿ. ಉದ್ದ 185 ಕಿಲೋಮೀಟರ್. ಚಾರಣಿಗರ ಅನುಕೂಲಕ್ಕೆಂದು ಅದನ್ನು 20 ಹಂತಗಳಾಗಿ ವಿಂಗಡಿಸಿದ್ದಾರೆ. ಸ್ಪೇನಿಗೆ ಸೇರಿದ ಬಾಲಿಯಾರಿಕ್ ದ್ವೀಪಗಳಲ್ಲಿ ಮೆನೋರ್ಕಾ ಪೂರ್ವದ ಕೊನೆಯದು. ವಿಸ್ತೀರ್ಣ ಸುಮಾರು 700 ಚದರ ಕಿಲೋಮೀಟರ್. ಅಲ್ಲಿನ ಅತಿ ಎತ್ತರದ ಬೆಟ್ಟ 358 ಮೀಟರ್ ಅಷ್ಟೆ.

ಈ ದಾರಿಯ ಉತ್ತರ ಭಾಗವನ್ನು ನಾನು ಕೆಲವು ದಿನ ನಡೆದಿದ್ದೇನೆ. ನಡೆಯುವಾಗ ಕಂಡ ಕಡಲಿನ ಬಣ್ಣಕ್ಕಿಂತ, ಆ ದಾರಿಯ ಬಗ್ಗೆ ಓದಿಕೊಂಡಾಗ ಎದ್ದ ಒಂದು ಪ್ರಶ್ನೆ ನನ್ನಲ್ಲಿ ಹೆಚ್ಚು ದಿನ ಉಳಿಯಿತು. ಒಂದು ದಾರಿ ಯಾರದು? ಅದನ್ನು ಹಾಕಿಸಿದ ಅರಸನದೇ, ಅದು ಹಾದುಹೋಗುವ ಜಮೀನಿನ ಒಡೆಯನದೇ, ಇಲ್ಲಾ ಅದರ ಮೇಲೆ ನಡೆದವರದೇ? ಮೆನೋರ್ಕಾದ ಜನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಬಹಳ ಕಾಲ ತೆಗೆದುಕೊಂಡರು.

ಮೊದಲು ನೆಲದ ವಿಷಯ. ಪೂರ್ವದ ಮಹೋನ್ ಬಂದರಿನಿಂದ ಪಶ್ಚಿಮದ ಕಡೆಗೆ ಒಂದು ಗೆರೆ ಎಳೆದರೆ ದ್ವೀಪ ಎರಡು ಬೇರೆ ಬೇರೆ ಊರುಗಳ ಹಾಗೆ ಕಾಣುತ್ತದೆ. ದಕ್ಷಿಣದಲ್ಲಿ ತಿಳಿಬಣ್ಣದ ಸುಣ್ಣಕಲ್ಲು, ಅದನ್ನು ಕೊರೆದ ಆಳದ ಕಣಿವೆಗಳು, ಕಣಿವೆಯ ತುದಿಗೊಂದು ಬಿಳಿ ಮರಳಿನ ಪುಟ್ಟ ಕಡಲತೀರ. ಉತ್ತರದ ಕಲ್ಲು ಬಹಳ ಹಳೆಯದು. ಕಪ್ಪು ಪದರಗಲ್ಲು, ಕೆಂಪು ಮರಳುಗಲ್ಲು, ಹಲ್ಲು ಕಿರಿದಂತೆ ಕಡಲಿಗೆ ಚಾಚಿದ ಮೂತಿಗಳು. ‘ತ್ರಮುಂತಾನ’ ಎಂಬ ಉತ್ತರದ ಗಾಳಿ ಉಪ್ಪನ್ನು ಹೊತ್ತು ತಂದು ಸುರಿಯುತ್ತದೆ. ಕಾಡು ಆಲಿವ್ ಮರಗಳು ಆ ಗಾಳಿಗೆ ಬೆನ್ನು ಕೊಟ್ಟು ಒಂದೇ ದಿಕ್ಕಿಗೆ ಬಾಗಿ ಬೆಳೆದಿವೆ. ಇಂಥ ಕಡೆ ಯಾರೂ ಮೋಜಿಗಾಗಿ ದಾರಿ ಮಾಡುವುದಿಲ್ಲ. ದಾರಿ ಹುಟ್ಟಿದ್ದು ಹೆದರಿಕೆಯಿಂದ.

1287ರಲ್ಲಿ ಅರಗಾನಿನ ಅರಸ ಮೂರನೇ ಅಲ್ಫೋನ್ಸೊ ಈ ದ್ವೀಪವನ್ನು ಗೆದ್ದ. ಅಲ್ಲಿಯವರೆಗೆ ಸುಮಾರು ನಾಲ್ಕು ಶತಮಾನ ಅದು ಮುಸ್ಲಿಮರ ನಾಡಾಗಿತ್ತು. ಗೆದ್ದವರು ಜನರನ್ನು ಉಳಿಸಿಕೊಳ್ಳಲಿಲ್ಲ. ಬಿಡುಗಡೆಯ ಹಣ ಕೊಡಲಾದವರು ಹೊರಟುಹೋದರು, ಕೊಡಲಾರದವರು ಗುಲಾಮರಾಗಿ ಮಾರಾಟವಾದರು. ಬರಿದಾದ ನೆಲವನ್ನು ಹೊಸಬರಿಗೆ ಹಂಚಲಾಯಿತು. ನಂತರದ ದಶಕಗಳಲ್ಲಿ ಮಲ್ಲೋರ್ಕಾದ ಅರಸರು ದೊಡ್ಡ ಹಿಡುವಳಿ ಪಡೆದವರಿಗೆ ಒಂದು ಷರತ್ತು ಹಾಕಿದರು: ದ್ವೀಪದ ರಕ್ಷಣೆಗಾಗಿ ಆಯುಧಸಹಿತ ಒಂದು ಕುದುರೆಯನ್ನು ಸದಾ ಸಿದ್ಧವಾಗಿ ಸಾಕಿಕೊಂಡಿರಬೇಕು. ಕುದುರೆಗಳ ದಾರಿಯ ಮೂಲವನ್ನು ಇಲ್ಲಿಂದ ಗುರುತಿಸುವುದು ರೂಢಿ. ಕಡಲಿನಿಂದ ಯಾರಾದರೂ ಬಂದಾರೆಂದು ಕಾಯುತ್ತ, ಒಂದು ಕಾವಲು ತಾಣದಿಂದ ಇನ್ನೊಂದಕ್ಕೆ ಸವಾರರು ಓಡಾಡುವ ಹಾದಿ ಅದು.

ಹೆದರಿಕೆ ಸುಳ್ಳಾಗಿರಲಿಲ್ಲ. 1535ರಲ್ಲಿ ಬಾರ್ಬರೋಸಾನ ಹಡಗುಗಳು ಮಹೋನ್ ಬಂದರಿಗೆ ನುಗ್ಗಿ ಊರನ್ನು ದೋಚಿದವು. 1558ರ ಜುಲೈ 9ರಂದು ಆಗಿನ ರಾಜಧಾನಿ ಸಿಯುತದೆಲ್ಲಾ ಆಟೊಮನ್ ನೌಕಾಪಡೆಗೆ ಬಿತ್ತು. ಊರು ಸುಟ್ಟುಹೋಯಿತು. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೆರೆ ಹಿಡಿದು ಕಾನ್‌ಸ್ಟಾಂಟಿನೋಪಲ್‌ಗೆ ಒಯ್ದರು. ಸೆರೆಯಾದವರಲ್ಲಿ ಪೇರೆ ಕಿಂತಾನಾ ಎಂಬ ದಸ್ತಾವೇಜು ಬರೆಯುವ ಅಧಿಕಾರಿಯೂ ಇದ್ದ. ಅದೇ ವರ್ಷ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗುಲಾಮನಾಗಿದ್ದುಕೊಂಡೇ, ಮುತ್ತಿಗೆಯ ವಿವರಗಳನ್ನು ಸಾಕ್ಷಿಗಳ ಸಮೇತ ವಿಧಿವತ್ತಾಗಿ ಬರೆದಿಟ್ಟ. ತಾವು ಊರನ್ನು ಸುಮ್ಮನೆ ಬಿಟ್ಟುಕೊಡಲಿಲ್ಲ, ಕಾದಾಡಿ ಸೋತೆವು ಎಂಬುದು ದಾಖಲೆಯಲ್ಲಿ ಉಳಿಯಬೇಕಿತ್ತು. ಸಿಯುತದೆಲ್ಲಾದಲ್ಲಿ ಪ್ರತಿವರ್ಷ ಜುಲೈ 9ರಂದು ಆ ಬರಹವನ್ನು ಸಾರ್ವಜನಿಕವಾಗಿ ಓದುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. 1558ರಲ್ಲಿ ಸೆರೆ ಹೋದವರಿಗೆ ಒಬ್ಬ ಬರಹಗಾರ ಸಿಕ್ಕ. 1287ರಲ್ಲಿ ಮಾರಾಟವಾದವರಿಗೆ ಅಂಥ ವಾರ್ಷಿಕ ಓದು ಇಲ್ಲ. ಅವರ ಗುರುತು ಉಳಿದಿರುವುದು ಹೆಚ್ಚಾಗಿ ಊರು, ತೋಟ, ತೀರಗಳ ಹೆಸರಿನಲ್ಲಿ. ಬಿನಿಮೆಲ್ಲಾ, ಬಿನಿಗಾವುಸ್, ಬಿನಿಬೆಕಾ. ಹೀಗೆ ‘ಬಿನಿ’ಯಿಂದ ಶುರುವಾಗುವ ಹತ್ತಾರು ಹೆಸರುಗಳು ಆ ದ್ವೀಪದಲ್ಲಿವೆ. ಇಂಥವರ ಮಕ್ಕಳ ಜಾಗ, ಇಂಥ ಮನೆತನದವರ ನೆಲ ಎಂದು ಹೇಳುವ ಅರಬ್ಬೀ ಪದದಿಂದ ಬಂದದ್ದು ಅದು. ಉತ್ತರದ ದಾರಿಯಲ್ಲಿ ಬಿನಿಮೆಲ್ಲಾದ ಕೆಂಪು ಮರಳಿನ ಮೇಲೆ ಬಿಸಿಲು ಕಾಯಿಸುತ್ತ ಮಲಗಿದವರ ನಡುವೆ ಹಾದುಹೋಗುವಾಗ ಆ ಹೆಸರು ನನಗೆ ಒಂದು ಕಲ್ಬರಹದಂತೆ ಕಂಡಿತು. ಯಾವ ಭಯದಿಂದ ಕಾವಲಿನ ಹಾದಿ ಹುಟ್ಟಿತೋ ಅದೇ ಸಂಕಟವನ್ನು ಆ ಹಾದಿಯವರ ಹಿರಿಯರು ಬೇರೆಯವರಿಗೆ ಕೊಟ್ಟಿದ್ದರು. ಕಡಲಿನ ಎರಡೂ ದಂಡೆಗಳಲ್ಲಿ ಗುಲಾಮರ ಸಂತೆ ಇದ್ದ ಕಾಲ ಅದು.

18ನೇ ಶತಮಾನದಲ್ಲಿ ಒಡೆಯರು ಬದಲಾಗುತ್ತಲೇ ಹೋದರು. 1708ರಲ್ಲಿ ಬ್ರಿಟಿಷರು ಬಂದರು. 1713ರ ಉಟ್ರೆಕ್ಟ್ ಒಪ್ಪಂದ ಅದನ್ನು ಅಧಿಕೃತಗೊಳಿಸಿತು. 1756ರಿಂದ 1763ರವರೆಗೆ ಫ್ರೆಂಚರು, ಮತ್ತೆ ಬ್ರಿಟಿಷರು, 1782ರಲ್ಲಿ ಸ್ಪೇನ್, 1798ರಿಂದ 1802ರವರೆಗೆ ಮೂರನೇ ಸಲ ಬ್ರಿಟಿಷರು. ಬಂದವರೆಲ್ಲ ಕರಾವಳಿಯನ್ನು ಕಾಯಲೇಬೇಕಿತ್ತು. ಫೊರ್ನೆಲ್ಸ್ ಕೊಲ್ಲಿಯ ಬಾಯಲ್ಲಿರುವ ದುಂಡನೆಯ ಕಲ್ಲಿನ ಗೋಪುರ ಬ್ರಿಟಿಷರ ಕೊನೆಯ ಅವಧಿಯದು. ಅದಕ್ಕೂ ಈಚಿನದು ತೀರಗಳ ಮೇಲೆ ಅಲ್ಲಲ್ಲಿ ಕಾಣುವ ಕಾಂಕ್ರೀಟಿನ ಮೆಷಿನ್‌ಗನ್ ಗೂಡುಗಳು. ಸ್ಪೇನಿನ ಅಂತರ್ಯುದ್ಧದಲ್ಲಿ ಮೆನೋರ್ಕಾ 1939ರ ಫೆಬ್ರವರಿಯವರೆಗೂ ಗಣರಾಜ್ಯದ ಪಕ್ಷದಲ್ಲೇ ಉಳಿದಿತ್ತು. ಒಂದೇ ದಾರಿಯಲ್ಲಿ ಇಷ್ಟು ಕಾಲದ ಭಯಗಳು ಒಂದರ ಪಕ್ಕ ಒಂದು ನಿಂತಿವೆ.

ಭಯ ಹೋದ ಮೇಲೆ ದಾರಿಗೆ ಕೆಲಸವಿಲ್ಲವಾಯಿತು. ಗವರ್ನರ್ ರಿಚರ್ಡ್ ಕೇನ್ ಮಹೋನ್‌ನಿಂದ ಸಿಯುತದೆಲ್ಲಾಕ್ಕೆ ಒಳನಾಡಿನ ರಸ್ತೆ ಹಾಕಿಸಿ ಎಷ್ಟೋ ಕಾಲವಾಗಿತ್ತು. ಕರಾವಳಿಯ ಹಾದಿಯನ್ನು ಬಳಸುತ್ತಿದ್ದವರು ಮೀನುಗಾರರು, ದನ ಕಾಯುವವರು, ಕಳ್ಳಸಾಗಣೆಯವರು, ಅವರನ್ನು ಹಿಡಿಯಲು ಹೋದವರು. ಓಡಾಟ ಕಡಿಮೆಯಾದಂತೆ ಕುರುಚಲು ಗಿಡ ಹಬ್ಬಿತು. 20ನೇ ಶತಮಾನದ ಉತ್ತರಾರ್ಧದಲ್ಲಿ ಪ್ರವಾಸೋದ್ಯಮ ಬಂದು ಕಡಲಂಚಿನ ನೆಲಕ್ಕೆ ಬೆಲೆ ಬಂದಾಗ ಹಲವು ಜಮೀನುದಾರರು ತಮ್ಮ ಹೊಲದ ಬಾಗಿಲಿಗೆ ಬೀಗ ಹಾಕಿದರು. ಇದು ನಮ್ಮ ಸ್ವತ್ತು, ಇಲ್ಲಿ ದಾರಿಯೇ ಇಲ್ಲ ಎಂಬುದು ಅವರ ವಾದ.

ಹಳೆಯ ನಕ್ಷೆಗಳಲ್ಲಿ ದಾರಿ ಇತ್ತು, ಕಾಗದಪತ್ರಗಳಲ್ಲೂ ಅದರ ಉಲ್ಲೇಖವಿತ್ತು. ಆದರೆ ನಕ್ಷೆಯ ಗೆರೆ ಬೀಗ ತೆಗೆಯುವುದಿಲ್ಲ. 1990ರ ದಶಕದಲ್ಲಿ ದ್ವೀಪದ ಜನ ಸಂಘಟಿತರಾಗಿ ಮುಚ್ಚಿದ ಹಾದಿಗಳಲ್ಲಿ ಒಟ್ಟಾಗಿ ನಡೆಯತೊಡಗಿದರು. ಅವರ ಪ್ರತಿಭಟನೆಯ ರೂಪವೇ ನಡಿಗೆ. ನಮ್ಮ ಹಿರಿಯರು ನಡೆದದ್ದಕ್ಕೆ ನಾವು ನಡೆಯುವುದೇ ಸಾಕ್ಷಿ ಎಂಬ ನಿಲುವು ಅದು. ಕೊನೆಗೆ 2000ನೇ ಇಸವಿಯ ಡಿಸೆಂಬರಿನಲ್ಲಿ ಬಾಲಿಯಾರಿಕ್ ದ್ವೀಪಗಳ ಶಾಸನಸಭೆ ಈ ಒಂದು ದಾರಿಗೆಂದೇ ಒಂದು ಕಾನೂನು ಮಾಡಿತು. ಹಳೆಯ ಜಾಡಿನ ಮೇಲೆ ಸಾರ್ವಜನಿಕರಿಗೆ ಹಾದುಹೋಗುವ ಹಕ್ಕನ್ನು ಅದು ಸ್ಥಾಪಿಸಿತು. ಕಾನೂನಾದ ಕೂಡಲೇ ದಾರಿ ತೆರೆಯಲಿಲ್ಲ. ಎಲ್ಲಿ ಹಾದುಹೋಗಬೇಕು, ಜಮೀನಿನವರಿಗೆ ಏನು ಪರಿಹಾರ ಎಂಬ ಮಾತುಕತೆ, ತಕರಾರು, ಸ್ವಾಧೀನ ಎಲ್ಲ ಮುಗಿದು ಇಡೀ ಸುತ್ತು ನಡೆಯಲು ಸಿಕ್ಕಿದ್ದು 2010ರಲ್ಲಿ.

ಜಮೀನಿನವರ ಆತಂಕವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಾಗದು. ಅಲ್ಲಿ ಇಂದಿಗೂ ದನ ಮೇಯುತ್ತವೆ. ಆ ಹಾಲಿನಿಂದ ಮಹೋನ್ ಹೆಸರಿನ ಚೀಸ್ ಆಗುತ್ತದೆ. ಹೊಲದಿಂದ ಹೊಲಕ್ಕೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಪಾಗಾರಗಳು, ನಡುವೆ ಕಾಡು ಆಲಿವ್‌ನ ಸೊಟ್ಟ ಕೊಂಬೆಗಳಿಂದ ಮಾಡಿದ ಬಾಗಿಲುಗಳು. ನಮ್ಮ ಮಲೆನಾಡಿನ ಉಣಗೋಲು ಕಂಡವರಿಗೆ ಅದರ ಉಪಯೋಗ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ದಕ್ಷಿಣದ ಹೆಸರಾಂತ ತೀರಗಳಿಗೆ ಜನ ಕಿಕ್ಕಿರಿಯುತ್ತಾರೆ. ಹಕ್ಕು ಗೆದ್ದ ಮೇಲೆ ಅದನ್ನು ಬಳಸುವ ರೀತಿಯ ಪ್ರಶ್ನೆ ಎದ್ದಿದೆ. 1993ರಿಂದ ಇಡೀ ದ್ವೀಪ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವಾಗಿರುವುದರಿಂದ ಈ ಪ್ರಶ್ನೆ ಇನ್ನೂ ಸೂಕ್ಷ್ಮ.

ಚರಿತ್ರೆಯ ವಿದ್ಯಾರ್ಥಿಗಳು ದಾಖಲೆ ಎಂದರೆ ಕಾಗದ, ಶಾಸನ, ನಾಣ್ಯ ಎಂದುಕೊಳ್ಳುವುದು ಸಹಜ. ಕಿಂತಾನಾನ ಬರಹ ಯಾವುದೋ ಕಪಾಟಿನಲ್ಲಿ ಶತಮಾನಗಳ ಕಾಲ ಸುಮ್ಮನೆ ಇದ್ದರೂ ದಾಖಲೆಯೇ. ‘ಬಿನಿ’ ಎಂಬ ಹೆಸರನ್ನು ಅರ್ಥ ಗೊತ್ತಿಲ್ಲದವರು ಉಚ್ಚರಿಸಿದರೂ ಅದು ಉಳಿಯುತ್ತದೆ. ದಾರಿಗೆ ಆ ಸೌಕರ್ಯವಿಲ್ಲ. ಕೆಲವು ಮಳೆಗಾಲ ಯಾರೂ ನಡೆಯದಿದ್ದರೆ ಗಿಡ ಮುಚ್ಚುತ್ತದೆ, ಬೀಗ ಬೀಳುತ್ತದೆ, ಆಮೇಲೆ ಇತ್ತು ಎನ್ನುವವರೇ ಸಾಬೀತು ಮಾಡಬೇಕಾಗುತ್ತದೆ. ಮೆನೋರ್ಕಾದವರು ಅದನ್ನು ಸಮಯಕ್ಕೆ ಸರಿಯಾಗಿ ಕಂಡುಕೊಂಡರು. ಈಗ ಆ ಆಲಿವ್ ಬಾಗಿಲುಗಳಿಗೆ ಬೀಗವಿಲ್ಲ. ತೆರೆದವರು ದಾಟಿದ ಮೇಲೆ ಮತ್ತೆ ಮುಚ್ಚಿ ಹೋಗಬೇಕು, ದನ ಹೊರಗೆ ಬರದಂತೆ. ಅಷ್ಟೇ ನಿಯಮ.