ಆಕ್ಸಲ್ ಬಿಚ್ಚುವ ಮುನ್ನ ಚಾಸಿ ನೋಡಿ

ಅಮೆರಿಕದ ಹಳೆಯ ಪಿಕಪ್‌ಗಳ ಮುಂದಿನ ಸಸ್ಪೆನ್ಷನ್ ಬದಲಿಸುವ ಮಾತು ಬಂದಾಗಲೆಲ್ಲ ಚರ್ಚೆ ಯಾವ ಕಿಟ್ ಒಳ್ಳೆಯದು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಚಕ್ರದಿಂದ ಬರುವ ಬಲವನ್ನು ಚಾಸಿ ಎಲ್ಲಿ ತಡೆದುಕೊಳ್ಳುತ್ತದೆ? 1953ರಿಂದ 1956ರವರೆಗಿನ ಫೋರ್ಡ್ ಎಫ್-100ರಲ್ಲಿ ಮುಂದಿನ ಎರಡೂ ಚಕ್ರಗಳಿಗೆ ಒಂದೇ ಉಕ್ಕಿನ ಆಕ್ಸಲ್, ಎರಡು ಬದಿಗೆ ಲೀಫ್ ಸ್ಪ್ರಿಂಗ್. ಒಂದು ಚಕ್ರ ಗುಂಡಿಗೆ ಬಿದ್ದರೆ ಅದರ ಪೆಟ್ಟು ಇನ್ನೊಂದಕ್ಕೂ ತಟ್ಟುತ್ತದೆ, ನಿಜ. ಆದರೆ ಉದ್ದನೆಯ ಸ್ಪ್ರಿಂಗಿನ ಎರಡು ತುದಿಗಳು ಚಾಸಿಯ ಮೇಲೆ ದೂರದೂರ ಕೂತಿರುವುದರಿಂದ ಭಾರ ಹಂಚಿಹೋಗುತ್ತದೆ, ಬ್ರೇಕಿನ ಸೆಳೆತವನ್ನೂ ಅದೇ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ. ಹೆದ್ದಾರಿಯ ವೇಗ ಏರಿದಂತೆ ಕಂಪನಿಗಳೇ ಎರಡು ಚಕ್ರಗಳೂ ಬೇರೆಬೇರೆಯಾಗಿ ಆಡುವ ದಾರಿ ಹಿಡಿದವು. ಷೆವರ್ಲೆ 1960ರಲ್ಲಿ ಟಾರ್ಷನ್ ಬಾರ್, 1963ರಲ್ಲಿ ಕಾಯಿಲ್ ಸ್ಪ್ರಿಂಗ್ ತಂದಿತು. ಫೋರ್ಡ್ 1965ರಲ್ಲಿ ಟ್ವಿನ್ ಐ-ಬೀಮ್ ಕೊಟ್ಟಿತು.

ಹಳೆಯ ಗಾಡಿ ಇಟ್ಟುಕೊಂಡವರು ಬೇರೆ ಕಾರುಗಳತ್ತ ಕೈಚಾಚಿದರು. ಕೆಲವರು ಕಮಾರೊ ಕಾರಿನ ಮುಂಭಾಗದ ಚೌಕಟ್ಟನ್ನೇ ಕತ್ತರಿಸಿ ತಂದು ಬೆಸೆದರು. ಇನ್ನು ಕೆಲವರು ಪ್ಲಿಮತ್ ವೊಲಾರೆಯದನ್ನು ಆರಿಸಿಕೊಂಡರು. ಕೊನೆಗೆ ಹೆಚ್ಚಿನವರು ಒಪ್ಪಿದ್ದು 1974–78ರ ಮಸ್ಟಾಂಗ್-2ರ ವಿನ್ಯಾಸ: ಚಿಕ್ಕ ಕ್ರಾಸ್‌ಮೆಂಬರ್ (ಚಾಸಿಯ ಎರಡು ಬದಿಗಳನ್ನು ಜೋಡಿಸುವ ಅಡ್ಡತೊಲೆ), ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್, ಡಿಸ್ಕ್ ಬ್ರೇಕ್. ಆ ಕಾರಿನ ಕೆಳಗಿನ ಆರ್ಮ್ ಒಳತುದಿಯಲ್ಲಿ ಒಂದೇ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಜರುಗದಂತೆ ಪ್ರತ್ಯೇಕ ಸ್ಟ್ರಟ್ ರಾಡ್ ಹಿಡಿಯುತ್ತಿತ್ತು. ಆ ರಾಡ್ ತೆಗೆದು ಅಗಲವಾದ ಆರ್ಮ್ ಕೊಡುವ ಕಿಟ್‌ಗಳಲ್ಲಿ ಸೆಳೆತವೆಲ್ಲ ಕ್ರಾಸ್‌ಮೆಂಬರಿನ ಮೇಲೇ ಬೀಳುತ್ತದೆ. ಎಫ್-100ರ ಚಾಸಿಯೋ ಒಂದು ಬದಿ ತೆರೆದ, ಸಿ ಆಕಾರದ ಉಕ್ಕು. ಒಳಬದಿಗೆ ತಗಡು ಬೆಸೆದು ಪೆಟ್ಟಿಗೆಯಂತೆ ಮುಚ್ಚದೆ ಕ್ರಾಸ್‌ಮೆಂಬರ್ ಕೂರಿಸಿದರೆ ಚಾಸಿ ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುವುದಿಲ್ಲ. ಈಚೆಗೆ ಬಳಕೆಗೆ ಬಂದ 2003–2011ರ ಕ್ರೌನ್ ವಿಕ್ಟೋರಿಯಾದ ಅಲ್ಯೂಮಿನಿಯಂ ಕ್ರಾಸ್‌ಮೆಂಬರ್ ಗಟ್ಟಿಯಾದದ್ದು, ಆದರೆ ಅಗಲ ಹೆಚ್ಚು. ಚಕ್ರ ಮಡ್ಗಾರ್ಡಿನಿಂದ ಹೊರಗೆ ಇಣುಕದಂತೆ ತಕ್ಕ ರಿಮ್ ಹುಡುಕಬೇಕು.

ಮಸ್ಟಾಂಗ್-2 ಹಗುರ ಕಾರು, ಅದರ ಸಸ್ಪೆನ್ಷನ್ ಟ್ರಕ್ಕಿನ ಭಾರ ಹೊರಲಾರದು ಎನ್ನುವವರಿದ್ದಾರೆ. ಆಗಿನ ಮೂಲ ಭಾಗಗಳ ಮಟ್ಟಿಗೆ ಅವರ ಮಾತು ಸರಿ. ಇಂದಿನ ಕಿಟ್‌ಗಳಲ್ಲಿ ಉಳಿದಿರುವುದು ಅದರ ಜ್ಯಾಮಿತಿಯೇ ಹೊರತು ಹಳೆಯ ಬಿಡಿಭಾಗಗಳಲ್ಲ. ಸ್ಪ್ರಿಂಗ್‌ಗಳನ್ನು ಎಂಜಿನ್ನಿನ ತೂಕ ನೋಡಿ ಆರಿಸಬಹುದು. ಪಿಕಪ್‌ಗೆ ಹೇರುವ ಸರಕಿನ ಭಾರವೂ ಬಹುಪಾಲು ಹಿಂದಿನ ಆಕ್ಸಲ್‌ಗೇ ಹೋಗುತ್ತದೆ. ಹಳೆಯ ಆಕ್ಸಲ್ಲನ್ನೇ ದುರಸ್ತಿ ಮಾಡಿದರೆ ಸಾಲದೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಗಾಡಿ ಅತ್ತಿತ್ತ ಎಳೆಯುವುದಕ್ಕೆ ಎಷ್ಟೋ ಸಲ ಸವೆದ ಕಿಂಗ್‌ಪಿನ್, ಸಡಿಲಾದ ಸ್ಟೇರಿಂಗ್ ಬಾಕ್ಸ್, ಹಳೆಯ ಟೈರ್ ಕಾರಣ. ಊರೊಳಗೆ ಓಡುವ ಗಾಡಿಗೆ ಇವನ್ನು ಬದಲಿಸಿ, ಆ ಆಕ್ಸಲ್‌ಗೇ ಡಿಸ್ಕ್ ಬ್ರೇಕ್ ಹಾಕಿದರೆ ಸಾಕು. ಚಾಸಿಗೆ ಕತ್ತರಿ ಬೀಳುವುದಿಲ್ಲ, ಮುಂದೆಂದಾದರೂ ಮೂಲ ರೂಪಕ್ಕೆ ಮರಳಬಹುದು. ದಿನವೂ ಹೆದ್ದಾರಿಯಲ್ಲಿ ವೇಗವಾಗಿ ಓಡಬೇಕಾದ ಗಾಡಿಗೆ ಮಾತ್ರ ಕ್ರಾಸ್‌ಮೆಂಬರಿನ ಖರ್ಚು ನ್ಯಾಯವಾದದ್ದು, ಅದೂ ತುಕ್ಕು ಕೆರೆದು, ಎರಡೂ ಕರ್ಣಗಳನ್ನು ಅಳೆದು ಚಾಸಿ ನೇರವಿದೆ ಎಂದು ಖಾತ್ರಿಯಾದ ಮೇಲೆ.