ಬೆಂಡಿನ ನೆಲ, ಮೇಣದ ಋಣ



ಬೆಂಡು ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಜಾತ್ರೆಯ ಬೆಂಡು-ಬತ್ತಾಸು ಇರಬಹುದು, ಮದುವೆಯ ಬಾಸಿಂಗ ಇರಬಹುದು. ಬಾವಿಯಲ್ಲಿ ಈಜು ಕಲಿಯುವಾಗ ಸೊಂಟಕ್ಕೆ ಕಟ್ಟಿಕೊಂಡ ಬೆಂಡೂ ಇರಬಹುದು. ಹಗುರ, ಪೊಳ್ಳು, ಬೆರಳಿನಲ್ಲಿ ಒತ್ತಿದರೆ ತಗ್ಗುವಂಥದ್ದು. ಕೆಲಸದಿಂದ ದಣಿದು ಬಂದವರು 'ಬೆಂಡಾಗಿ ಹೋದೆ' ಅನ್ನುವುದೂ ಅದಕ್ಕೇ ತಾನೆ? ಅಂಥ ಬೆಂಡಿನ ಮೇಲೆ ಮಂಚ, ಮೇಜು ಇಟ್ಟು ಸಂಸಾರ ಮಾಡಬಹುದೇ ಎಂದು ಕೇಳಿದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಆದರೆ ನೂರು ವರ್ಷಕ್ಕೂ ಮಿಕ್ಕಿ ಜನ ಹಾಗೆ ಬದುಕಿದ್ದಾರೆ. ಬಾಟಲಿಯ ಬಾಯಿಗೆ ಬಿರಡೆಯಾಗುವ ಕಾರ್ಕ್ ಇದೆಯಲ್ಲ, ಅದರದೇ ನೆಲ. ನಮ್ಮ ಬಾಸಿಂಗದ ಬೆಂಡು ನೀರುಗಿಡದ ತಿರುಳು, ಇದು ಮರದ ತೊಗಟೆ. ಜಾತಿ ಬೇರೆ, ಗುಣ ಒಂದೇ.

ದೊಡ್ಡ ಊರುಗಳ ಒಳಾಂಗಣ ಅಂಗಡಿಗಳಲ್ಲಿ ಈಗ ಕಾರ್ಕ್ ಹಲಗೆಯ ಮಾದರಿಗಳನ್ನು ತೋರಿಸುತ್ತಾರೆ. ಫ್ಲಾಟಿನ ನೆಲ ಬದಲಿಸಲು ಹೊರಟವರು ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಅದರ ಮೇಲೆ ಏನು ಬಳಿಯಬೇಕು, ಎಷ್ಟು ವರ್ಷಕ್ಕೊಮ್ಮೆ, ಯಾರು ಬಳಿಯಬೇಕು ಎಂದು ಕೇಳುವವರು ಕಡಿಮೆ. ಈ ನೆಲದ ಇತಿಹಾಸವೆಲ್ಲ ಇರುವುದು ಆ ಪ್ರಶ್ನೆಯಲ್ಲೇ ಎಂದು ನನಗೆ ಅನ್ನಿಸುತ್ತದೆ. ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

ಮೊದಲು ಮರ. ಅದು ಓಕ್ ಜಾತಿಯ ಒಂದು ಮರ. ಪೋರ್ಚುಗಲ್, ಸ್ಪೇನ್ ಮತ್ತು ಉತ್ತರ ಆಫ್ರಿಕದ ಮೆಡಿಟರೇನಿಯನ್ ಕರಾವಳಿಯ ಸೀಮೆಯದು. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದೇ. ಅಲ್ಲಿನ ದಕ್ಷಿಣದ ಅಲೆಂತೇಜು ಪ್ರಾಂತ್ಯದಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಕೊಡಲಿ ಹಿಡಿದವರು ಮರದಿಂದ ಮರಕ್ಕೆ ಹೋಗುತ್ತಾರೆ. ಮರ ಕಡಿಯುವುದಕ್ಕಲ್ಲ, ಸುಲಿಯುವುದಕ್ಕೆ. ತೊಗಟೆಗೆ ಕೊಡಲಿಯ ಬಾಯಿ ಇಳಿಸಿ, ಹಿಡಿಯಿಂದ ಮೀಟಿ, ದೊಡ್ಡ ದೊಡ್ಡ ಹಾಳೆಯಾಗಿ ಬಿಡಿಸುತ್ತಾರೆ. ಏಟು ಒಂದಿಷ್ಟು ಆಳ ಹೋದರೂ ಒಳಪದರಕ್ಕೆ ಗಾಯವಾಗಿ, ಆ ಜಾಗದಲ್ಲಿ ಮುಂದೆ ಒಳ್ಳೆಯ ತೊಗಟೆ ಬರುವುದಿಲ್ಲ. ಹಾಗಾಗಿ ಇದು ಪಳಗಿದ ಕೈಯವರ ಕೆಲಸ. ಬೇಸಾಯದ ಕೂಲಿಗಳಲ್ಲೇ ಹೆಚ್ಚಿನ ಕೂಲಿ ಸಿಗುವ ಕೆಲಸ ಕೂಡ.

ಸುಲಿದ ಮೇಲೆ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆಯುತ್ತಾರೆ. 2024ರಲ್ಲಿ ಸುಲಿದ ಮರಕ್ಕೆ 4. ಮುಂದಿನ ಸರದಿ 2033ಕ್ಕೆ, ಏಕೆಂದರೆ ಒಂಬತ್ತು ವರ್ಷ ತುಂಬುವ ಮೊದಲು ಮತ್ತೆ ಮುಟ್ಟುವಂತಿಲ್ಲ, ಅದು ಕಾನೂನು. ಸಸಿ ನೆಟ್ಟವನಿಗೆ ಮೊದಲ ಸುಲಿಗೆ ಸಿಗುವುದೇ ಸುಮಾರು 25 ವರ್ಷಕ್ಕೆ. ಆ ಮೊದಲನೆಯದೂ, ಅದರ ನಂತರದ ಎರಡನೆಯದೂ ಒರಟು, ಬಿರಡೆಗೆ ಆಗುವುದಿಲ್ಲ. ಬಿರಡೆಗೆ ತಕ್ಕ ತೊಗಟೆ ಬರುವ ಹೊತ್ತಿಗೆ ಮರಕ್ಕೆ 43 ವರ್ಷ. ತೆಂಗು ನೆಟ್ಟು ಕಾಯುವ ನಮ್ಮವರಿಗೂ ಇದು ದೀರ್ಘ ಕಾಯುವಿಕೆಯೇ! 2011ರಲ್ಲಿ ಪೋರ್ಚುಗಲ್ಲಿನ ಸಂಸತ್ತು ಈ ಮರವನ್ನು ರಾಷ್ಟ್ರೀಯ ಮರವೆಂದು ಘೋಷಿಸಿತು.

ಅಂದಹಾಗೆ, ನಮ್ಮ ರಸ್ತೆಬದಿಯ ಆಕಾಶಮಲ್ಲಿಗೆಗೆ ಇಂಗ್ಲಿಷಿನವರು 'ಭಾರತದ ಕಾರ್ಕ್ ಮರ' ಎಂದೇ ಹೆಸರಿಟ್ಟರು. ಅದರ ತೊಗಟೆಯನ್ನು ಕಾರ್ಕಿಗೆ ಬದಲಿಯಾಗಿ ಬಳಸಿದ್ದೂ ಉಂಟು, ಆದರೆ ಗುಣದಲ್ಲಿ ಅದು ಕೆಳಗಿನದು. ಹೂವಿನ ಪರಿಮಳ ಸಾಕು ಬಿಡಿ.

ಈ ತೊಗಟೆಯಲ್ಲಿ ಅಂಥದ್ದೇನಿದೆ? 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಚೂಪು ಚಾಕುವಿನಿಂದ ಕಾರ್ಕಿನ ತೆಳು ಚೂರೊಂದನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಜೇನುಗೂಡಿನಂತೆ ಪುಟ್ಟ ಪುಟ್ಟ ಕೋಣೆಗಳು! ಅವಕ್ಕೆ 'ಸೆಲ್' ಎಂದು ಕರೆದ. ನಾವು ಶಾಲೆಯಲ್ಲಿ 'ಜೀವಕೋಶ' ಎಂದು ಓದಿದ ಪದಕ್ಕೆ ಮೂಲ ಈ ಬೆಂಡಿನ ಚೂರು. ಒಂದು ಘನ ಅಂಗುಲದಲ್ಲಿ 125 ಕೋಟಿಗೂ ಹೆಚ್ಚು ಕೋಣೆಗಳಿರುತ್ತವೆ ಎಂದು ಅವನು ಲೆಕ್ಕ ಹಾಕಿದ್ದ. ಪ್ರತಿ ಕೋಣೆಯೂ ಮುಚ್ಚಿದ್ದು, ಒಳಗೆ ಗಾಳಿ, ಗೋಡೆಯಲ್ಲಿ ಸುಬೆರಿನ್ ಎಂಬ ಮೇಣದಂಥ ಜಿಡ್ಡು. ಅದರಿಂದಲೇ ಕಾರ್ಕ್ ನೀರಲ್ಲಿ ತೇಲುತ್ತದೆ, ಕಾಲಿಗೆ ಬೆಚ್ಚಗಿರುತ್ತದೆ, ಒತ್ತಿ ಬಿಟ್ಟರೆ ಮೇಲೇಳುತ್ತದೆ. ಸದ್ದನ್ನೂ ನುಂಗುತ್ತದೆ. ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಹೆಜ್ಜೆ ಸಪ್ಪಳವೇ ಶತ್ರು, ಹಾಗಾಗಿ ಈ ಗುಣದ ಮೇಲೆ ನನಗೆ ವಿಶೇಷ ಮೋಹ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ 1910ರಲ್ಲಿ ಪ್ಯಾರಿಸ್ಸಿನ ತನ್ನ ಮಲಗುವ ಕೋಣೆಯ ಗೋಡೆಗೆಲ್ಲ ಕಾರ್ಕ್ ಹೊದಿಸಿಕೊಂಡು, ಬೀದಿಯ ಗಲಾಟೆ ಹೊರಗಿಟ್ಟು ಬರೆಯುತ್ತಿದ್ದ. ಮೇಲಿನ ಮನೆಯ ಮಕ್ಕಳ ಓಡಾಟ ಕೇಳಿ ನಿದ್ದೆಗೆಟ್ಟ ಫ್ಲಾಟ್‌ವಾಸಿಗಳು ಅವನನ್ನು ಅರ್ಥ ಮಾಡಿಕೊಳ್ಳುತ್ತೀರಿ.

ಕಾರ್ಕ್ ನೆಲದ ಮನೆಗೆ ಬಂದದ್ದು ಮಾತ್ರ ಹಿಂಬಾಗಿಲಿನಿಂದ, ಕಸವಾಗಿ. ಬಿರಡೆ ಕೊರೆದ ಮೇಲೆ ಉಳಿಯುವ ಪುಡಿ, ಚೂರುಗಳಿಗೆ ಕೆಲಸ ಹುಡುಕುವಾಗ ನೆಲದ ಯೋಚನೆ ಹೊಳೆಯಿತು. 1844ರಲ್ಲಿ ಇಂಗ್ಲೆಂಡಿನ ಎಲೈಜಾ ಗ್ಯಾಲೊವೇ ಕಾರ್ಕ್ ಪುಡಿಯನ್ನು ರಬ್ಬರಿಗೆ ಕಲಸಿ ನೆಲಹಾಸು ಮಾಡಿದ. ರಬ್ಬರು ದುಬಾರಿ. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ರಬ್ಬರಿನ ಬದಲು ಅಗಸೆ ಎಣ್ಣೆ ಹಿಡಿದ. ಬಣ್ಣದ ಡಬ್ಬಿಯ ಮೇಲೆ ಗಟ್ಟಿಯಾಗಿ ಕಟ್ಟಿದ ಎಣ್ಣೆಯ ಕೆನೆ ನೋಡಿ ಅವನಿಗೆ ಈ ಉಪಾಯ ಹೊಳೆಯಿತಂತೆ. ಆ ಎಣ್ಣೆ, ಕಾರ್ಕ್ ಪುಡಿ, ಹಿಂದೆ ಗೋಣಿಬಟ್ಟೆ, ಇಷ್ಟು ಸೇರಿ ಲಿನೋಲಿಯಂ ಆಯಿತು. ಹೆಸರು ಕೇಳಿರುತ್ತೀರಿ, ಅದರ ಹೊಟ್ಟೆಯಲ್ಲಿ ಬೆಂಡಿದೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಪೂರಾ ಕಾರ್ಕಿನದೇ ಹಲಗೆಗೆ ಅಮೆರಿಕದ ಒಂದು ಆಕಸ್ಮಿಕ ಬೇಕಾಯಿತು. ನ್ಯೂಯಾರ್ಕಿನಲ್ಲಿ ದೋಣಿ, ಜೀವರಕ್ಷಕ ಅಂಗಿ ಮಾಡುತ್ತಿದ್ದ ಜಾನ್ ಸ್ಮಿತ್ ಎಂಬಾತನ ಕಾರ್ಖಾನೆಯಲ್ಲಿ 1890ರ ದಶಕದ ಆರಂಭದಲ್ಲಿ ನಡೆದದ್ದು ಎಂದು ಹೇಳುತ್ತಾರೆ. ಕಾರ್ಕ್ ಚೂರು ತುಂಬಿಕೊಂಡ ತಗಡಿನ ಕೊಳವೆಯೊಂದು ರಾತ್ರಿಯೆಲ್ಲ ಕೆಂಡದಲ್ಲಿ ಉಳಿಯಿತು. ಬೆಳಿಗ್ಗೆ ನೋಡಿದರೆ ಬೂದಿಯಿಲ್ಲ, ಚೂರುಗಳೆಲ್ಲ ಬೆಸೆದುಕೊಂಡ ಕಂದು ಗಟ್ಟಿ! ಕಾವಿಗೆ ಕಾರ್ಕಿನ ಸ್ವಂತ ಜಿಡ್ಡೇ ಅಂಟಾಗಿತ್ತು. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಆದರೆ ಚೂರುಗಳನ್ನು ಕಾವು ಮತ್ತು ಒತ್ತಡದಿಂದ ಬೆಸೆಯುವ ಆ ವಿಧಾನವೇ ಕಾರ್ಕ್ ಬಿಲ್ಲೆಗಳಿಗೆ ದಾರಿಯಾಯಿತು. 1920, 30ರ ದಶಕಗಳಲ್ಲಿ ಅಮೆರಿಕದ ಗ್ರಂಥಾಲಯ, ಚರ್ಚು, ಬ್ಯಾಂಕುಗಳಿಗೆ ಕಾರ್ಕ್ ನೆಲ ಬಂತು. ಸಪ್ಪಳ ಬೇಡವಾದ ಕಡೆಯೆಲ್ಲ ಅದಕ್ಕೆ ಕರೆ.

ಮನೆಯೊಳಗೆ ಅದಕ್ಕೆ ಮಾನ ತಂದ ಒಂದು ಕಟ್ಟಡವನ್ನು ಹೇಳಲೇಬೇಕು. ಪೆನ್ಸಿಲ್ವೇನಿಯದ ಕಾಡಿನಲ್ಲಿ, ಜಲಪಾತದ ನೆತ್ತಿಯ ಮೇಲೆ, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಪಿಟ್ಸ್‌ಬರ್ಗಿನ ವ್ಯಾಪಾರಿ ಎಡ್ಗರ್ ಕಾಫ್‌ಮನ್‌ಗಾಗಿ ಕಟ್ಟಿದ 'ಫಾಲಿಂಗ್ ವಾಟರ್'. 1936ರಲ್ಲಿ ಕೆಲಸ ಶುರುವಾಯಿತು, 1939ರಲ್ಲಿ ಅತಿಥಿಗೃಹವೂ ಸೇರಿ ಮುಗಿಯಿತು. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಜಾರಕ್ಕೆಲ್ಲ ಕಲ್ಲು ಹಾಸಿದ ರೈಟ್, ಸ್ನಾನದ ಮನೆಗಳ ನೆಲಕ್ಕೂ ಗೋಡೆಗೂ ಕಾರ್ಕ್ ಬಿಲ್ಲೆ ಹಚ್ಚಿಸಿದ. ನೀರು ಬೀಳುವ ಜಾಗಕ್ಕೇ ಬೆಂಡು! ಧೈರ್ಯ ಎಲ್ಲಿಂದ ಬಂತು? ಮೇಣದಿಂದ. ಬಿಲ್ಲೆಗಳ ಮೇಲೆ ಕೈಯಲ್ಲಿ ಮೇಣ ತಿಕ್ಕಿ ನಯ ಬರಿಸಿದ್ದರು; ನೀರು ಹನಿಯಾಗಿ ಜಾರಿ ಹೋಗುತ್ತಿತ್ತು.

ಇಲ್ಲಿ ನಿಮಗೊಂದು ಅನುಮಾನ ಬರಬೇಕು. ಕಾರ್ಕಿಗೆ ತಾನೇ ನೀರು ಹತ್ತುವುದಿಲ್ಲ, ಅದಕ್ಕೇ ಅಲ್ಲವೇ ಬಿರಡೆಯಾದದ್ದು? ಮತ್ತೆ ಮೇಣವೇಕೆ? ಹಲಗೆ ಕೊಯ್ದಾಗ ಮೇಲ್ಮೈಯ ಲಕ್ಷಾಂತರ ಕೋಣೆಗಳು ಸೀಳಿ ಬಾಯ್ತೆರೆಯುತ್ತವೆ. ಅವುಗಳಲ್ಲಿ ಧೂಳು ಕೂರುತ್ತದೆ, ಸಾರು ಚೆಲ್ಲಿದರೆ ಕಲೆ ಇಳಿಯುತ್ತದೆ. ಬಿಲ್ಲೆ ಬಿಲ್ಲೆಯ ನಡುವಿನ ಸಂದಿಯಲ್ಲಿ ನೀರು ಇಳಿದರೆ ಅಡಿಯ ಅಂಟು ಬಿಡುತ್ತದೆ. ನಮ್ಮಲ್ಲಿ ಮಣ್ಣಿನ ನೆಲಕ್ಕೆ ಸಗಣಿ ಸಾರಿಸುತ್ತಿದ್ದರಲ್ಲ, ಕೆಲಸ ಅದೇ ಜಾತಿಯದು. ಸಾರಿಸಿದ ನೆಲ ಧೂಳೇಳುವುದಿಲ್ಲ, ಆದರೆ ಒಮ್ಮೆ ಸಾರಿಸಿದರೆ ಮುಗಿಯುವುದಿಲ್ಲ. ವಾರಕ್ಕೊಮ್ಮೆಯೋ, ಹಬ್ಬಕ್ಕೊಮ್ಮೆಯೋ ಯಾರೋ ಒಬ್ಬರು ಸೆರಗು ಸಿಕ್ಕಿಸಿಕೊಂಡು ಮಂಡಿಯೂರಲೇಬೇಕು. ಅದು ಯಾರು ಎಂದು ಬೇರೆ ಹೇಳಬೇಕಿಲ್ಲ. ಅಮೆರಿಕದಲ್ಲೂ ಹಾಗೆಯೇ: ಕಾರ್ಕ್ ನೆಲದ ಮೇಣ ತೆಗೆದು, ಮತ್ತೆ ಬಳಿದು, ಉಜ್ಜಿ ಹೊಳಪು ಬರಿಸುವ ಕೆಲಸ ಮನೆಯೊಡತಿಯದು, ಇಲ್ಲವೇ ಮನೆಗೆಲಸದವಳದು. ರೈಟ್‌ನ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ವರ್ಷವರ್ಷವೂ ಮೇಣ ತಿಕ್ಕಿದ ಕೈಗಳ ಹೆಸರು ಎಲ್ಲಿದೆ?

ಈ ಲೆಕ್ಕವೇ ಕಾರ್ಕ್ ನೆಲವನ್ನು ಮನೆಯಿಂದ ಹೊರಗೆ ಹಾಕಿತು ಎಂಬುದು ನನ್ನ ಎಣಿಕೆ. ಎರಡನೆಯ ಮಹಾಯುದ್ಧದಲ್ಲಿ ಕಾರ್ಕ್ ಸೇನೆಯ ಸಾಮಾನಾಯಿತು, ಅಟ್ಲಾಂಟಿಕ್ ದಾಟಿ ಬರುವುದೂ ಕಷ್ಟವಾಯಿತು. ಯುದ್ಧ ಮುಗಿದ ಮೇಲೆ ಅದು ಮರಳಿ ಬರುವಷ್ಟರಲ್ಲಿ ಅದರ ಜಾಗದಲ್ಲಿ ವಿನೈಲ್ ಕೂತಿತ್ತು. ವಿನೈಲ್ ಅಗ್ಗ, ಬಣ್ಣ ಬಣ್ಣದ್ದು. ಮುಂದೆ 'ಮೇಣ ಬೇಡದ ನೆಲ' ಎಂದೇ ಅದನ್ನು ಮಾರಿದರು. ಕಾಲಿಗೆ ಸುಖ ಕಾರ್ಕಿನಲ್ಲೇ ಹೆಚ್ಚು ಇದ್ದಿರಬಹುದು, ಆದರೆ ಮಂಡಿಗೆ ಸುಖ ವಿನೈಲಿನಲ್ಲಿ. ಪಿಟ್ಸ್‌ಬರ್ಗಿನಲ್ಲಿ 1860ರಲ್ಲಿ ಬಿರಡೆ ಕೊಯ್ಯುವ ಅಂಗಡಿಯಾಗಿ ಆರಂಭವಾದ ಆರ್ಮ್‌ಸ್ಟ್ರಾಂಗ್ ಕಂಪನಿಯೇ ಲಿನೋಲಿಯಂ ದಾಟಿ ವಿನೈಲಿಗೆ ಹೊರಳಿತು.

ಕಾರ್ಕ್ ಮರಳಿ ಬಂದದ್ದು ರಸಾಯನಶಾಸ್ತ್ರ ಮಂಡಿಯೂರುವ ಕೆಲಸ ವಹಿಸಿಕೊಂಡ ಮೇಲೆ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದಿದ್ದ. ಅದರಿಂದ ಮಾಡಿದ ವಾರ್ನಿಷ್ ನೆಲಕ್ಕೆ ಬಂದಾಗ ವರ್ಷವರ್ಷದ ಮೇಣದ ಬದಲು ಕೆಲವು ವರ್ಷಕ್ಕೊಮ್ಮೆ ಲೇಪ ಸಾಕಾಯಿತು. ಒಂದು ತಮಾಷೆ ನೋಡಿ: ಹಳೆಯ ಮೇಣದ ನೆಲದ ಮೇಲೆ ಈ ಹೊಸ ಲೇಪ ಹಿಡಿಯುವುದೇ ಇಲ್ಲ. ಮೇಣವನ್ನು ಬುಡಸಮೇತ ತೆಗೆದರೆ ಮಾತ್ರ ಹಿಡಿಯುತ್ತದೆ. 1990ರ ದಶಕದ ಕೊನೆಗೆ ಸ್ವೀಡನ್, ಬೆಲ್ಜಿಯಂಗಳ ಕಂಪನಿಗಳು ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲಗೆ ತಂದವು. ಕಾರ್ಕಿನವರೂ ಅದನ್ನೇ ಹಿಡಿದರು: ಮೇಲೆ ಕಾರ್ಕ್, ನಡುವೆ ಮರದ ನಾರನ್ನು ಒತ್ತಿದ ಹಲಗೆ, ಅಡಿಯಲ್ಲಿ ಮತ್ತೆ ಕಾರ್ಕ್. ಈಗ ಅಂಗಡಿಯವರು ನಿಮಗೆ ತೋರಿಸುವುದು ಹೆಚ್ಚಾಗಿ ಇದನ್ನೇ.

ಹಾಗಾದರೆ ಸಾರಿಸುವ ಕೆಲಸ ತಪ್ಪಿತೇ? ಪೂರ್ತಿ ಇಲ್ಲ. ಹಲಗೆಯ ಮೇಲ್ಮೈಗೆ ಕಾರ್ಖಾನೆಯಲ್ಲೇ ಲೇಪ ಬಿದ್ದಿರುತ್ತದೆ, ಸಂದಿಗಳಿಗೆ ಬಿದ್ದಿರುವುದಿಲ್ಲ. ಆ ನಡುವಿನ ಮರದ ನಾರಿನ ಹಲಗೆಯೇ ಇದರ ದುರ್ಬಲ ಜಾಗ; ಸಂದಿಯಲ್ಲಿ ನೀರು ಇಳಿದರೆ ಅದು ಉಬ್ಬುತ್ತದೆ, ಮತ್ತೆ ತಗ್ಗುವುದಿಲ್ಲ. ಅಡುಗೆಮನೆಗೆ ಹಾಕುವುದಾದರೆ ಜೋಡಿಸಿದ ಮೇಲೆ ಇಡೀ ನೆಲಕ್ಕೆ ಇನ್ನೊಂದು ಲೇಪ ಬಳಿಸಿ. ತಯಾರಕರು ಒಪ್ಪುವ ಲೇಪವನ್ನೇ ಕೇಳಿ ತನ್ನಿ. ಲೇಪವಿಲ್ಲದ ಬಿಲ್ಲೆಗಳನ್ನು ಅಂಟಿಸುವುದಾದರೆ ಎರಡು ಮೂರು ಲೇಪ ಬೇಕು, ನಡುವೆ ನುಣುಪು ಉಪ್ಪುಕಾಗದದಿಂದ ಹಗುರಾಗಿ ಉಜ್ಜಬೇಕು.

ಅದಕ್ಕೂ ಮೊದಲು ಅಡಿಯ ಕಾಂಕ್ರೀಟು ಒಣಗಿದೆಯೇ ನೋಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚನ್ನೆಲ್ಲ ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದೆರಡು ದಿನ ಬಿಡಿ. ಎತ್ತಿದಾಗ ಒಳಗೆ ಬೆವರಿದ್ದರೆ, ನೆಲ ಕಪ್ಪಾಗಿದ್ದರೆ, ಇನ್ನೂ ಕಾಯಬೇಕು. ಮುಂಬೈಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ತಂದ ಹಲಗೆಗಳನ್ನು ಅದೇ ಕೋಣೆಯಲ್ಲಿ ಎರಡು ಮೂರು ದಿನ ಇಟ್ಟು ಆ ಹವೆಗೆ ಒಗ್ಗಿಸಿ. ಗೋಡೆಯ ಬದಿಗೆ ಸುಮಾರು ಒಂದು ಸೆಂಟಿಮೀಟರ್ ಬಿಡಿಸಿ, ಏಕೆಂದರೆ ಕಾರ್ಕ್ ಹವೆ ಬದಲಾದಂತೆ ಹಿಗ್ಗಿ ಕುಗ್ಗುತ್ತದೆ. ಜಾಗ ಬಿಡದಿದ್ದರೆ ನಡುವೆ ಉಬ್ಬಿ ಎದ್ದು ನಿಲ್ಲುತ್ತದೆ. ಕಿಟಕಿಯ ಬಿಸಿಲು ನೇರ ಬೀಳುವ ಕಡೆ ಬಣ್ಣ ಮಾಸುವುದು ಖಂಡಿತ, ಪರದೆ ಹಾಕಿಸಿಕೊಳ್ಳಿ.

ಕೊನೆಯ ಲೇಪ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಹಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಚಾಪೆ, ಜಮಖಾನ ಹಾಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಂಚದ ಕಾಲಿಗೆ ದಪ್ಪ ಬಟ್ಟೆಯ ಬಿಲ್ಲೆ ಅಂಟಿಸಿ. ಕಬ್ಬಿಣದ ಬೀರುವನ್ನು ಮಾತ್ರ ದಯವಿಟ್ಟು ಎಳೆಯಬೇಡಿ. ಇಬ್ಬರನ್ನು ಕರೆದು ಎತ್ತಿ ಇಡಿಸಿ.